ಕೊಲ್ಲಿ ರಾಷ್ಟ್ರಗಳ ವೀಸಾ: ಕನ್ನಡ ಮಾಧ್ಯಮದ ಕುಟುಂಬಗಳು ಅರಿತಿರಬೇಕಾದ ದಾಖಲೆಪತ್ರಗಳ ವಿಚಾರ

ಕಾಸರಗೋಡಿನ ನಮ್ಮ ಶಾಲೆಗಳಲ್ಲಿ ಹೆತ್ತವರ ಸಭೆ ಮುಗಿದ ಮೇಲೆ ಒಬ್ಬಿಬ್ಬರು ಹಿಂದೆ ಉಳಿದು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಹಿರಿಯ ಮಗನಿಗೆ ದುಬಾಯಿಯಲ್ಲಿ ಕೆಲಸ ಹೇಳಿದ್ದಾರೆ, ವೀಸಾ ಆಗಬಹುದೇ? ಕನ್ನಡ ಮಾಧ್ಯಮದಲ್ಲಿ ಕಲಿತದ್ದು ತೊಡಕಾದೀತೇ? ಸರ್ಟಿಫಿಕೇಟಿನಲ್ಲಿ ಹೆಸರು ಸ್ವಲ್ಪ ಬೇರೆಯಾಗಿದೆ, ನಡೆದೀತೇ ಮಾಸ್ಟ್ರೇ? ಈ ಮೂರು ಪ್ರಶ್ನೆಗಳಲ್ಲಿ ಜನರನ್ನು ಹೆಚ್ಚು ಕಾಡುವುದು ಎರಡನೆಯದು. ನಿಜಕ್ಕೂ ಕಾಡಬೇಕಾದದ್ದು ಮೂರನೆಯದು. ಈ ಲೇಖನ ಬರೆಯುತ್ತಿರುವುದು ಮುಖ್ಯವಾಗಿ ಅದನ್ನು ಹೇಳುವುದಕ್ಕೆ.

ಮಾಧ್ಯಮದ ಮಾತನ್ನು ಮೊದಲು ಮುಗಿಸೋಣ. ಕೊಲ್ಲಿ ರಾಷ್ಟ್ರಗಳ ಉದ್ಯೋಗ ವೀಸಾಕ್ಕಾಗಲೀ ಭಾರತದ ಪಾಸ್‌ಪೋರ್ಟಿಗಾಗಲೀ ನೀವು ಯಾವ ಭಾಷೆಯಲ್ಲಿ ಕಲಿತಿರಿ ಎಂಬ ಪ್ರಶ್ನೆ ಅರ್ಹತೆಯ ಪ್ರಶ್ನೆಯಲ್ಲ. ಹತ್ತನೆಯ ತರಗತಿ ಉತ್ತೀರ್ಣರಾಗಿದ್ದೀರೋ ಇಲ್ಲವೋ ಎಂಬುದಷ್ಟೇ ಅಲ್ಲಿ ಎಣಿಕೆಗೆ ಬರುತ್ತದೆ. ಕೇರಳದ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ದೊರೆಯುವ ಎಸ್‌ಎಸ್‌ಎಲ್‌ಸಿ ಪ್ರಮಾಣಪತ್ರಕ್ಕೂ ಪಕ್ಕದ ಊರಿನ ಇಂಗ್ಲಿಷ್ ಮಾಧ್ಯಮದ ವಿದ್ಯಾರ್ಥಿಗೆ ದೊರೆಯುವ ಪ್ರಮಾಣಪತ್ರಕ್ಕೂ ಈ ವಿಷಯದಲ್ಲಿ ಬೆಲೆ ಒಂದೇ. ನೌಕರಿ ಕೊಡುವವನು ಇಂಗ್ಲಿಷ್ ಮಾತಾಡಲು ಬರುತ್ತದೆಯೇ ಎಂದು ಕೇಳಬಹುದು, ಕೇಳುತ್ತಾನೆ ಕೂಡ. ಅದು ಸಂದರ್ಶನದ ಮಾತು, ವೀಸಾದ ಮಾತಲ್ಲ. ಮುಂದೆ ಗಲ್ಫಿಗೆ ಹೋಗಬೇಕಾದವನು ಎಂಬ ಒಂದೇ ಕಾರಣಕ್ಕೆ ಐದನೆಯ ತರಗತಿಯ ಮಗುವಿನ ಟಿ.ಸಿ. ಕೇಳಿಕೊಂಡು ಬರುವವರಿಗೆ ನಾವು ಇದನ್ನು ಹೇಳುತ್ತಲೇ ಬಂದಿದ್ದೇವೆ. ಮಕ್ಕಳ ಸಂಖ್ಯೆ ಕುಸಿದರೆ ಅಧ್ಯಾಪಕ ಹುದ್ದೆಯೂ ಕುಸಿಯುವುದರಿಂದ ಇದರಲ್ಲಿ ನಮ್ಮ ಸ್ವಾರ್ಥವೂ ಇದೆ ಎಂದು ಯಾರಾದರೂ ಹೇಳಿದರೆ ಅಲ್ಲಗಳೆಯುವುದಿಲ್ಲ. ಆದರೂ ಮಾತು ಸತ್ಯ.

ಹತ್ತನೆಯ ತರಗತಿ ಮತ್ತು ಪಾಸ್‌ಪೋರ್ಟ್

ವಿದೇಶಕ್ಕೆ ದುಡಿಯಲು ಹೋಗುವವರ ರಕ್ಷಣೆಗಾಗಿ ನಮ್ಮಲ್ಲಿ 1983ರ ವಲಸೆ ಕಾಯಿದೆ ಜಾರಿಯಲ್ಲಿದೆ. ಅದರ ಪ್ರಕಾರ ಪಾಸ್‌ಪೋರ್ಟುಗಳಲ್ಲಿ ಎರಡು ಬಗೆ. ವಲಸೆ ತಪಾಸಣೆ ಅಗತ್ಯವಿರುವುದು ಒಂದು. ಇದನ್ನು ಇಸಿಆರ್ ಎನ್ನುತ್ತಾರೆ. ಅಗತ್ಯವಿಲ್ಲದ್ದು ಇನ್ನೊಂದು, ಅದು ಇಸಿಎನ್‌ಆರ್. ಹತ್ತನೆಯ ತರಗತಿ ಉತ್ತೀರ್ಣರಾದವರು, ಆದಾಯ ತೆರಿಗೆ ಕಟ್ಟುವವರು, 50 ವರ್ಷ ದಾಟಿದವರು, 18 ತುಂಬದ ಮಕ್ಕಳು, ಮೂರು ವರ್ಷಕ್ಕೂ ಹೆಚ್ಚು ಕಾಲ ವಿದೇಶದಲ್ಲಿ ನೆಲೆಸಿದ್ದವರು ಮುಂತಾದವರು ಎರಡನೆಯ ಗುಂಪಿಗೆ ಸೇರುತ್ತಾರೆ. ಉಳಿದವರು ಪಟ್ಟಿಯಲ್ಲಿರುವ 18 ದೇಶಗಳಿಗೆ ಉದ್ಯೋಗಕ್ಕಾಗಿ ಹೋಗುವುದಾದರೆ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಸಂಯುಕ್ತ ಅರಬ್ ಎಮಿರೇಟ್ಸ್, ಸೌದಿ ಅರೇಬಿಯಾ, ಕತಾರ್, ಕುವೈತ್, ಒಮಾನ್, ಬಹ್ರೈನ್ ಆರೂ ಈ ಪಟ್ಟಿಯಲ್ಲಿವೆ. ಮಲೇಷ್ಯಾ, ಇಂಡೋನೇಷ್ಯಾ, ಥಾಯ್ಲೆಂಡ್ ಕೂಡ ಇವೆ. ಅನುಮತಿಯ ಕೆಲಸವೆಲ್ಲ ಈಗ ಇ-ಮೈಗ್ರೇಟ್ ಎಂಬ ಸರಕಾರಿ ಜಾಲತಾಣದ ಮೂಲಕ ನಡೆಯುತ್ತದೆ.

ಇಸಿಆರ್ ಎಂದರೆ ಕಳಂಕವೇನೂ ಅಲ್ಲ. ಅದು ಕಾವಲು. ಆ ದಾರಿಯಲ್ಲಿ ಹೋಗುವ ಕಾರ್ಮಿಕನಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತಿನಲ್ಲಿ 10 ಲಕ್ಷ ರೂಪಾಯಿಯ ಅಪಘಾತ ವಿಮೆ ಅವನಿಗೆ ದೊರೆಯುತ್ತದೆ. ಈ ತಪಾಸಣೆಯನ್ನು ತಪ್ಪಿಸಿಕೊಳ್ಳುವುದಕ್ಕೆಂದೇ ಸಂದರ್ಶಕ ವೀಸಾದಲ್ಲಿ ವಿಮಾನ ಹತ್ತಿಸುವ ಮಧ್ಯವರ್ತಿಗಳಿದ್ದಾರೆ. ಅವರ ಮಾತಿಗೆ ಕಿವಿಗೊಟ್ಟವರು ವಿಮೆಯನ್ನೂ ಕಳೆದುಕೊಳ್ಳುತ್ತಾರೆ, ದೂರು ಹೇಳುವ ನೆಲೆಯನ್ನೂ ಕಳೆದುಕೊಳ್ಳುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. 2007ರಿಂದೀಚೆಗೆ ಪಾಸ್‌ಪೋರ್ಟಿನಲ್ಲಿ ಇಸಿಎನ್‌ಆರ್ ಎಂದು ಬರೆಯುವ ಕ್ರಮವಿಲ್ಲ. ಇಸಿಆರ್ ಇದ್ದರೆ ಮಾತ್ರ ಹಾಗೆಂದು ಮುದ್ರಿಸುತ್ತಾರೆ. ಏನೂ ಬರೆಯದಿದ್ದರೆ ತಪಾಸಣೆ ಬೇಡವೆಂದು ಅರ್ಥ. ಚಿಕ್ಕ ವಯಸ್ಸಿನಲ್ಲಿ ಮಾಡಿಸಿದ ಪಾಸ್‌ಪೋರ್ಟಿನಲ್ಲಿ ಏನೂ ಬರೆದಿರುವುದಿಲ್ಲ, ಏಕೆಂದರೆ ಆಗ ವಯಸ್ಸು 18ಕ್ಕಿಂತ ಕಡಿಮೆ. ಬೆಳೆದ ಮೇಲೆ ನವೀಕರಿಸುವಾಗ ಎಸ್‌ಎಸ್‌ಎಲ್‌ಸಿ ತೋರಿಸದಿದ್ದರೆ ಹೊಸತರಲ್ಲಿ ಇಸಿಆರ್ ಬೀಳುತ್ತದೆ. ಪಾಸ್‌ಪೋರ್ಟ್ ಮಾಡಿಸಿದ ಮೇಲೆ ಹತ್ತನೆಯ ತರಗತಿ ಪಾಸಾದವರು ಮರುವಿತರಣೆಗೆ ಅರ್ಜಿ ಹಾಕಿ ಅದನ್ನು ತೆಗೆಸಿಕೊಳ್ಳಬೇಕು, ತಾನಾಗಿಯೇ ಹೋಗುವುದಿಲ್ಲ. ಹತ್ತರಲ್ಲಿ ಒಂದೆರಡು ವಿಷಯ ಬಾಕಿ ಉಳಿಸಿಕೊಂಡು ಕೆಲಸಕ್ಕೆ ಹೋದ ಹುಡುಗರಿಗೆ ಮತ್ತೆ ಪರೀಕ್ಷೆ ಕಟ್ಟಿರಿ ಎಂದು ನಾವು ಬೆನ್ನುಹತ್ತುವುದಕ್ಕೆ ಇದೂ ಒಂದು ಕಾರಣ.

ಹೆಸರು ಎಂಬ ದೊಡ್ಡ ತೊಡಕು

ಕನ್ನಡ ನಾಡಿನ ಒಳಗಿರುವವರಿಗೆ ಅಷ್ಟಾಗಿ ಬಾರದ, ಗಡಿಯಾಚೆಯ ಕನ್ನಡಿಗರಿಗೆ ತಪ್ಪದ ತೊಂದರೆಯೊಂದಿದೆ. ನಮ್ಮ ಮಕ್ಕಳ ಹೆಸರು ಮೂರು ಲಿಪಿಗಳನ್ನು ದಾಟಿ ಪಾಸ್‌ಪೋರ್ಟನ್ನು ಸೇರುತ್ತದೆ. ಮನೆಯಲ್ಲಿ ಇಟ್ಟದ್ದು ಕನ್ನಡದ ಹೆಸರು. ಪಂಚಾಯತಿನ ಜನನ ದಾಖಲೆಯಲ್ಲಿ ಅನೇಕ ವೇಳೆ ಅದು ಮಲಯಾಳಕ್ಕೆ ಹೊರಳುತ್ತದೆ. ಅಲ್ಲಿಂದ ಇಂಗ್ಲಿಷಿಗೆ ಬರುವಾಗ ಬರೆಯುವವರ ಕೈಯ ಅಭ್ಯಾಸ ಸೇರಿಕೊಳ್ಳುತ್ತದೆ. ನಾರಾಯಣ ‘ನಾರಾಯಣನ್’ ಆಗುತ್ತಾನೆ, ರಾಘವ ‘ರಾಘವನ್’, ಬಾಲಕೃಷ್ಣ ‘ಬಾಲಕೃಷ್ಣನ್’. ಕೊನೆಗೊಂದು ‘ಎನ್’ ಅಕ್ಷರ, ಅಷ್ಟೇ. ದ್ವೇಷವೋ ಉದ್ದೇಶವೋ ಇದ್ದು ಯಾರೂ ಅದನ್ನು ಸೇರಿಸಿದ್ದಲ್ಲ. ಅವರ ಕಿವಿಗೆ ಹೆಸರು ಪೂರ್ಣವಾಗಿ ಕೇಳುವುದು ಹಾಗೆ. ಸುಬ್ರಹ್ಮಣ್ಯನದೂ ಅದೇ ಕಥೆ. ಗೀತಾ, ಲತಾ, ಜಯಂತರ ಹೆಸರುಗಳಲ್ಲಿ ‘ಟಿ’ಯ ಮುಂದೆ ‘ಎಚ್’ ಇರಬೇಕೋ ಬೇಡವೋ ಎಂಬುದಂತೂ ದಾಖಲೆಯಿಂದ ದಾಖಲೆಗೆ ಬದಲಾಗುತ್ತಿರುತ್ತದೆ.

ನಮ್ಮಲ್ಲಿ ಕಲಿತ ಹುಡುಗನೊಬ್ಬನ ವಿಷಯ ಹೇಳಬೇಕು. ಅವನ ನಿಜವಾದ ಹೆಸರು ಬೇಡ, ನಾರಾಯಣ ಎಂದಿಟ್ಟುಕೊಳ್ಳೋಣ. ಹತ್ತನೆಯ ತನಕ ಇಲ್ಲಿ ಓದಿ, ಪದವಿಯನ್ನು ಮಂಗಳೂರಿನಲ್ಲಿ ಮುಗಿಸಿದ. ಕೊಲ್ಲಿಯ ಕಂಪೆನಿಯೊಂದರಿಂದ ಲೆಕ್ಕಪತ್ರ ವಿಭಾಗದ ಕೆಲಸದ ಪತ್ರ ಬಂತು. ಪದವಿ ಪ್ರಮಾಣಪತ್ರವನ್ನು ದೃಢೀಕರಿಸಿ ಕಳುಹಿಸಬೇಕೆಂದು ಕೇಳಿದ್ದರು. ಎಸ್‌ಎಸ್‌ಎಲ್‌ಸಿಯಲ್ಲಿ ಅವನು ನಾರಾಯಣನ್, ಪದವಿಯಲ್ಲಿ ನಾರಾಯಣ, ಪಾಸ್‌ಪೋರ್ಟಿನಲ್ಲಿ ನಾರಾಯಣ ನಾಯ್ಕ. ಮೂರೂ ಒಬ್ಬನೇ ಎಂದು ರುಜುವಾತು ಮಾಡುವಷ್ಟರಲ್ಲಿ ಕಂಪೆನಿ ಬೇರೊಬ್ಬನನ್ನು ತೆಗೆದುಕೊಂಡಿತು. ಅವನ ತಾಯಿ ಶಾಲೆಗೆ ಬಂದು ಜಗಳವಾಡಲಿಲ್ಲ. “ನಾವು ಅವನನ್ನು ಯಾವಾಗ ಮಾಸ್ಟ್ರೇ ನಾರಾಯಣನ್ ಎಂದು ಕರೆದದ್ದು?” ಎಂದಷ್ಟೇ ಕೇಳಿದರು. ದಾಖಲಾತಿ ಪುಸ್ತಕ ತೆಗೆದು ನೋಡಿದರೆ ಒಂದನೆಯ ತರಗತಿಗೆ ಸೇರಿಸಿದ ದಿನ ಕನ್ನಡದಲ್ಲಿ ಸರಿಯಾಗಿಯೇ ಬರೆದಿತ್ತು. ಕಂಪ್ಯೂಟರಿಗೆ ಏರಿಸುವಾಗ ತಪ್ಪಿತ್ತು. ಹತ್ತನೆಯ ತರಗತಿಯಲ್ಲಿ ಪರಿಶೀಲನೆಗೆ ಕೊಟ್ಟ ಹಾಳೆಗೆ ಅವನ ತಂದೆ ಸಹಿಯನ್ನೂ ಹಾಕಿದ್ದರು; ಇಂಗ್ಲಿಷ್ ಓದಲು ಅವರಿಗೆ ಬಾರದು. ಓದಿ ಹೇಳಬೇಕಾದವರು ಅಧ್ಯಾಪಕರಾದ ನಾವು.

ಆದ್ದರಿಂದ ಎಂಟು, ಒಂಬತ್ತು, ಹತ್ತನೆಯ ತರಗತಿಗಳ ಮಕ್ಕಳ ಹೆತ್ತವರು ಮಾಡಬೇಕಾದದ್ದು ಹೀಗೆ. ಕೇರಳದ ಶಾಲೆಗಳಲ್ಲಿ ಮಕ್ಕಳ ವಿವರ ‘ಸಂಪೂರ್ಣ’ ಎಂಬ ತಂತ್ರಾಂಶದಲ್ಲಿರುತ್ತದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಹೆಸರು ಹೋಗುವುದು ಅಲ್ಲಿಂದಲೇ. ತರಗತಿ ಅಧ್ಯಾಪಕರ ಬಳಿ ಅದರ ಪ್ರತಿಯನ್ನು ಕೇಳಿ ಜನನ ಪ್ರಮಾಣಪತ್ರ, ಆಧಾರ್, ಪಾಸ್‌ಪೋರ್ಟ್ ಇದ್ದರೆ ಅದನ್ನೂ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಬೇಕು. ಮಗುವಿನ ಹೆಸರು ಮಾತ್ರವಲ್ಲ, ತಂದೆ ತಾಯಿಯರ ಹೆಸರು ಮತ್ತು ಜನ್ಮದಿನಾಂಕವನ್ನೂ ನೋಡಬೇಕು. ಪರೀಕ್ಷೆಗೆ ಮೊದಲು ಕಂಡ ತಪ್ಪನ್ನು ಮುಖ್ಯೋಪಾಧ್ಯಾಯರ ಮೂಲಕ ಸರಿಪಡಿಸಿಕೊಳ್ಳುವುದು ಸುಲಭ. ಪ್ರಮಾಣಪತ್ರ ಅಚ್ಚಾದ ಮೇಲೆ ತಿರುವನಂತಪುರದ ಪರೀಕ್ಷಾ ಭವನಕ್ಕೆ ಅರ್ಜಿ ಹೋಗಬೇಕು. ಅಲ್ಲಿಂದ ಉತ್ತರ ಬರುವ ತನಕ ಕಾಯಬೇಕು.

ತಪ್ಪನ್ನು ತಿದ್ದುವುದು ಬೇರೆ, ಹೆಸರನ್ನೇ ಬದಲಿಸುವುದು ಬೇರೆ. ಶಾಲೆಗೆ ಸೇರಿಸುವಾಗ ಕೊಟ್ಟ ಹೆಸರು ಸರಿಯಿದ್ದು ಬರೆಯುವಾಗ ಕೆಟ್ಟಿದ್ದರೆ ಅದು ತಿದ್ದುಪಡಿ. ಹೊಸದಾಗಿ ಕುಲನಾಮ ಸೇರಿಸಬೇಕು ಎಂದರೆ ಅದು ಬದಲಾವಣೆ. ಅದಕ್ಕೆ ಕೇರಳ ಗಜೆಟ್ಟಿನಲ್ಲಿ ಪ್ರಕಟಣೆ ಕೊಡಬೇಕಾಗುತ್ತದೆ. ಗ್ರಾಮ ಕಚೇರಿಯಿಂದ ‘ಒನ್ ಆಂಡ್ ಸೇಮ್’ ಪ್ರಮಾಣಪತ್ರ ದೊರೆಯುವುದುಂಟು, ಇವೆರಡೂ ಹೆಸರು ಒಬ್ಬನವೇ ಎಂದು ಹೇಳುವ ಕಾಗದ. ಊರಿನ ಬ್ಯಾಂಕಿನಲ್ಲಿ ಅದು ನಡೆದೀತು. ವಿದೇಶದ ಕಚೇರಿಗಳೆಲ್ಲ ಅದನ್ನು ಒಪ್ಪುತ್ತವೆಂದು ನಂಬಿ ಕೂರುವಂತಿಲ್ಲ. ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯುವ ಹಕ್ಕು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಂತೆ ನಮಗಿದೆ, ಉತ್ತರವನ್ನು ಕನ್ನಡದಲ್ಲಿ ಪಡೆಯುವ ಹಕ್ಕೂ ಇದೆ. ಆ ಹಕ್ಕನ್ನು ಬಳಸಿರಿ; ಆದರೆ ಹೆಸರು ಇಂಗ್ಲಿಷಿನಲ್ಲಿ ಹೇಗಿರಬೇಕೆಂಬುದನ್ನು ದೊಡ್ಡ ಅಕ್ಷರಗಳಲ್ಲಿ ಬಿಡಿಬಿಡಿಯಾಗಿ ಬರೆದು ಲಗತ್ತಿಸಿರಿ.

ಇನ್ನೊಂದು ತೊಡಕು ಒಂಟಿ ಹೆಸರಿನದು. ಮನೆತನದ ಹೆಸರನ್ನೋ ತಂದೆಯ ಹೆಸರನ್ನೋ ಒಂದಕ್ಷರಕ್ಕೆ ಇಳಿಸಿ ಮುಂದೆಯೋ ಹಿಂದೆಯೋ ಇಟ್ಟುಕೊಳ್ಳುವುದು ನಮ್ಮ ರೂಢಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಆ ಸಂಕ್ಷಿಪ್ತ ಅಕ್ಷರಕ್ಕೆ ಜಾಗವಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿ ಬರೆಯುವ ಬದಲು ಬಿಟ್ಟೇಬಿಟ್ಟವರ ಪಾಸ್‌ಪೋರ್ಟಿನಲ್ಲಿ ಕುಲನಾಮದ ಕಲಂ ಖಾಲಿ ಉಳಿಯುತ್ತದೆ. ಸಂಯುಕ್ತ ಅರಬ್ ಎಮಿರೇಟ್ಸ್ 2022ರ ನವೆಂಬರಿನಲ್ಲಿ ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿಗೆ ಸಂದರ್ಶಕ ವೀಸಾ ಇಲ್ಲವೆಂದಿತು. ಬಳಿಕ, ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಹೆಸರು ಅಥವಾ ಮನೆತನದ ಹೆಸರಿದ್ದರೆ ಆಗಬಹುದೆಂದು ಸಡಿಲಿಸಿತು. ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವವರು ಎರಡೂ ಕಲಂಗಳನ್ನು ತುಂಬಿಸುವುದು ಕ್ಷೇಮ. ತಾಳವಾಡಿ, ಹೊಸೂರು ಕಡೆಯ ಕನ್ನಡಿಗರಿಗೂ ತಮಿಳುನಾಡಿನ ಇನಿಷಿಯಲ್ ಪದ್ಧತಿಯಿಂದಾಗಿ ಇದೇ ಕಷ್ಟ. ಆದವಾನಿ, ರಾಯದುರ್ಗದ ಕಡೆ ಮನೆತನದ ಹೆಸರು ಮುಂದೆ ಬರುವುದರಿಂದ ಯಾವುದು ಕುಲನಾಮ, ಯಾವುದು ಸ್ವಂತ ಹೆಸರು ಎಂಬುದೇ ಅದಲುಬದಲಾಗುವುದುಂಟು.

ದೃಢೀಕರಣ

ಎಲ್ಲ ಕೆಲಸಕ್ಕೂ ಪ್ರಮಾಣಪತ್ರಗಳ ದೃಢೀಕರಣ ಬೇಕಾಗುವುದಿಲ್ಲ. ವಿದ್ಯಾರ್ಹತೆಯನ್ನು ಅವಲಂಬಿಸಿದ ಹುದ್ದೆಗಳಿಗೆ ಬೇಕು. ನೆನಪಿಡಬೇಕಾದ ಮುಖ್ಯ ಸಂಗತಿಯೆಂದರೆ, ಯಾವ ರಾಜ್ಯ ಪ್ರಮಾಣಪತ್ರ ಕೊಟ್ಟಿತೋ ಮೊದಲ ಮುದ್ರೆ ಆ ರಾಜ್ಯದ್ದೇ ಆಗಬೇಕು. ಎಸ್‌ಎಸ್‌ಎಲ್‌ಸಿ, ಪ್ಲಸ್ ಟು ಕೇರಳದಲ್ಲಿ, ಪದವಿ ಮಂಗಳೂರಿನಲ್ಲೋ ಪುತ್ತೂರಿನಲ್ಲೋ ಎಂಬುದು ನಮ್ಮ ಎಷ್ಟೋ ಮಕ್ಕಳ ಓದಿನ ಹಾದಿ. ಅಂಥವರ ಕಾಗದಗಳು ಎರಡು ದಾರಿ ಹಿಡಿಯಬೇಕಾಗುತ್ತದೆ: ಕೇರಳದವು ನೋರ್ಕಾ ರೂಟ್ಸ್ ಮೂಲಕ, ಕರ್ನಾಟಕದವು ಅಲ್ಲಿನ ಉನ್ನತ ಶಿಕ್ಷಣ ಇಲಾಖೆಯ ಮೂಲಕ. ನೋರ್ಕಾದ ದೃಢೀಕರಣ ಕೇಂದ್ರಗಳಲ್ಲಿ ನಮಗೆ ಹತ್ತಿರದ್ದು ಕೋಝಿಕ್ಕೋಡ್. ಪದವಿಯೊಂದನ್ನು ದೃಢೀಕರಿಸಲು ಹೋದರೂ ಎಸ್‌ಎಸ್‌ಎಲ್‌ಸಿಯಿಂದ ಮೊದಲಾಗಿ ಎಲ್ಲ ಪ್ರಮಾಣಪತ್ರ, ಅಂಕಪಟ್ಟಿಗಳನ್ನು ಸಾಲಾಗಿ ತೋರಿಸಬೇಕಾಗುವುದರಿಂದ, ಹತ್ತನೆಯ ತರಗತಿಯ ಆ ಒಂದಕ್ಷರ ಇಲ್ಲಿ ಮತ್ತೆ ಎದುರಾಗುತ್ತದೆ.

ರಾಜ್ಯದ ಮುದ್ರೆಯ ನಂತರ ದೇಶಾಂಗ ಸಚಿವಾಲಯದ್ದು. ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಾದರೆ ಅಪೋಸ್ಟಿಲ್ ಎಂಬ ಒಂದೇ ಮುದ್ರೆ ಸಾಕು. ಭಾರತ 2005ರಲ್ಲಿ, ಒಮಾನ್ 2012ರಲ್ಲಿ, ಬಹ್ರೈನ್ 2013ರಲ್ಲಿ, ಸೌದಿ ಅರೇಬಿಯಾ 2022ರ ಡಿಸೆಂಬರಿನಲ್ಲಿ ಆ ವ್ಯವಸ್ಥೆಯೊಳಗೆ ಬಂದಿವೆ. ಸಂಯುಕ್ತ ಅರಬ್ ಎಮಿರೇಟ್ಸ್, ಕತಾರ್, ಕುವೈತ್‌ಗಳಿಗೆ ಹೋಗುವವರು ಆಯಾ ದೇಶದ ರಾಯಭಾರ ಕಚೇರಿಯ ಮುದ್ರೆಯನ್ನೂ ಪಡೆಯಬೇಕು. ಮುದ್ರೆಗಳು ಪ್ರಮಾಣಪತ್ರದ ಹಿಂಬದಿಯಲ್ಲಿ ಬೀಳುವಂಥವು. ಆದ್ದರಿಂದ ಅಕ್ಕರೆಯಿಂದ ಲ್ಯಾಮಿನೇಶನ್ ಮಾಡಿಸಿಡಬೇಡಿರಿ, ಪ್ಲಾಸ್ಟಿಕ್ ಹಾಳೆಯ ಕಡತದಲ್ಲಿ ಇಟ್ಟರೆ ಸಾಕು.

ದಾದಿಯರಾಗಿ ಹೋಗುವ ಹೆಣ್ಣುಮಕ್ಕಳ ಹೆತ್ತವರಿಗೆ ಒಂದು ಮಾತು. ಮೇಲೆ ಹೇಳಿದ 18 ದೇಶಗಳಿಗೆ ದಾದಿಯರ ನೇಮಕಾತಿ 2015ರಿಂದ ಸರಕಾರ ಗೊತ್ತುಪಡಿಸಿದ ಸಂಸ್ಥೆಗಳ ಮೂಲಕವೇ ಆಗಬೇಕು. ಕೇರಳದಲ್ಲಿ ನೋರ್ಕಾ ರೂಟ್ಸ್ ಮತ್ತು ಒಡೆಪೆಕ್ ಅಂಥವು. ಪಾಸ್‌ಪೋರ್ಟಿನಲ್ಲಿ ಇಸಿಆರ್ ಇಲ್ಲದಿದ್ದರೂ ಈ ನಿಯಮ ಅನ್ವಯಿಸುತ್ತದೆ.

ವೀಸಾ ಕೈಗೆ ಬಂದಾಗ

ನಮ್ಮ ಕಡೆಯಿಂದ ಹೆಚ್ಚು ಜನ ಹೋಗುವುದು ಸಂಯುಕ್ತ ಅರಬ್ ಎಮಿರೇಟ್ಸಿಗಾದ್ದರಿಂದ ಅಲ್ಲಿನ ಕ್ರಮವನ್ನೇ ವಿವರಿಸುತ್ತೇವೆ. ಅಲ್ಲಿ ವೀಸಾಕ್ಕೆ ಅರ್ಜಿ ಹಾಕುವವನು ಕೆಲಸಗಾರನಲ್ಲ, ಮಾಲಿಕ. ಮೊದಲು ಕೆಲಸದ ಪ್ರಸ್ತಾಪ ಪತ್ರ ಬರುತ್ತದೆ. ಕೆಲಸಗಾರ ಅದಕ್ಕೆ ಸಹಿ ಹಾಕಿದ ಮೇಲೆ ಮಾಲಿಕ ಸಚಿವಾಲಯದಿಂದ ಕೆಲಸದ ಪರವಾನಗಿಯನ್ನೂ ಪ್ರವೇಶ ಪರವಾನಗಿಯನ್ನೂ ಪಡೆಯುತ್ತಾನೆ. ಅಲ್ಲಿಗೆ ಇಳಿದ ಬಳಿಕ ವೈದ್ಯಕೀಯ ತಪಾಸಣೆ, ಎಮಿರೇಟ್ಸ್ ಗುರುತಿನ ಚೀಟಿ, ಕೊನೆಗೆ ನಿವಾಸ ವೀಸಾ. ಹಿಂದಿನ ಹಾಗೆ ಪಾಸ್‌ಪೋರ್ಟಿನಲ್ಲಿ ನಿವಾಸ ವೀಸಾದ ಚೀಟಿ ಅಂಟಿಸುವ ಪದ್ಧತಿ 2022ರಲ್ಲಿ ನಿಂತಿತು, ಈಗ ಗುರುತಿನ ಚೀಟಿಯೇ ಆಧಾರ. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳಾದರೂ ಉಳಿದಿರಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಆದರೂ ಕಡೆಯ ವಾರದಲ್ಲಿ ಓಡಾಡುವವರನ್ನು ನಾವು ಪ್ರತಿ ವರ್ಷ ಕಾಣುತ್ತೇವೆ.

ಪ್ರಸ್ತಾಪ ಪತ್ರವನ್ನು ಕೆಲಸಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು ಅಲ್ಲಿನ ಸರಕಾರ ಅರಬಿ, ಇಂಗ್ಲಿಷ್‌ಗಳ ಜೊತೆಗೆ ಹಲವು ಭಾಷೆಗಳಲ್ಲಿ ನಮೂನೆ ಒದಗಿಸಿತು. ಅವುಗಳಲ್ಲಿ ಹಿಂದಿ, ಮಲಯಾಳ, ತಮಿಳು, ಉರ್ದು, ಬಂಗಾಳಿ ಇವೆ. ಕನ್ನಡವಿಲ್ಲ. ಕಾಸರಗೋಡಿನವರು ಮಲಯಾಳದಲ್ಲಿ, ತಾಳವಾಡಿಯವರು ತಮಿಳಿನಲ್ಲಿ ಓದಿಕೊಂಡಾರು. ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿಕೊಳ್ಳದೆ ಸಹಿ ಹಾಕಬಾರದು. ಮೂಲ ವೇತನ ಎಷ್ಟು, ಭತ್ಯೆ ಎಷ್ಟು, ಹುದ್ದೆಯ ಹೆಸರೇನು ಎಂಬ ಮೂರು ವಿಷಯಗಳನ್ನಾದರೂ ಬೇರೊಂದು ಕಾಗದದಲ್ಲಿ ಬರೆದು ಮನೆಯವರ ಕೈಯಲ್ಲಿ ಇಟ್ಟು ಹೋಗಬೇಕು. ಇಲ್ಲಿ ಹೇಳಿದ ಕೆಲಸವೇ ಬೇರೆ, ಅಲ್ಲಿ ವೀಸಾದಲ್ಲಿ ಬರೆದ ಹುದ್ದೆಯೇ ಬೇರೆ ಎಂಬ ದೂರು ಹಳೆಯದು.

ಹಣದ ವಿಚಾರದಲ್ಲಿ ಎರಡು ನಿಯಮಗಳನ್ನು ಎಲ್ಲರೂ ತಿಳಿದಿರಬೇಕು. ಭಾರತದಲ್ಲಿ ನೋಂದಾಯಿತ ನೇಮಕಾತಿ ಏಜೆಂಟ್ ಒಬ್ಬ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ; ರಶೀದಿ ಕೊಡಲೇಬೇಕು. ಎಮಿರೇಟ್ಸಿನ 2021ರ ಕಾರ್ಮಿಕ ಕಾನೂನಿನಂತೆ ನೇಮಕಾತಿಯ ವೆಚ್ಚವನ್ನು ಮಾಲಿಕ ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ, ಕೆಲಸಗಾರನ ಪಾಸ್‌ಪೋರ್ಟನ್ನು ಒತ್ತೆ ಇಟ್ಟುಕೊಳ್ಳುವಂತೆಯೂ ಇಲ್ಲ. ಲಕ್ಷಗಟ್ಟಲೆ ಹಣಕ್ಕೆ ‘ಫ್ರೀ ವೀಸಾ’ ಕೊಡಿಸುತ್ತೇವೆ ಎನ್ನುವವರಿದ್ದಾರೆ. ಆ ಹೆಸರಿನ ವೀಸಾ ಯಾವ ಕಾನೂನಿನಲ್ಲಿಯೂ ಇಲ್ಲ. ಒಬ್ಬನ ಹೆಸರಿನಲ್ಲಿ ವೀಸಾ ಮಾಡಿಸಿ ಇನ್ನೊಬ್ಬನಲ್ಲಿ ದುಡಿಯುವುದು ಎಂದು ಅದರ ಅರ್ಥ, ಸಿಕ್ಕಿಬಿದ್ದರೆ ಗಡೀಪಾರು. ಸಂದರ್ಶಕ ವೀಸಾದಲ್ಲಿ ಹೋಗಿ ಕೆಲಸ ಹುಡುಕುವವರಿದ್ದಾರೆ, ಸಿಕ್ಕಿದವರೂ ಇದ್ದಾರೆ. ಆದರೆ ಆ ವೀಸಾ ಬದಲಾಗದೆ ಒಂದು ದಿನ ದುಡಿದರೂ ಅದು ಅಪರಾಧವೇ. ಏಜೆಂಟ್ ನೋಂದಾಯಿತನೋ ಅಲ್ಲವೋ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ ತಿಳಿಯಬಹುದು. ಹತ್ತಿರದ ಅಕ್ಷಯ ಕೇಂದ್ರದಲ್ಲಿ ಕೇಳಿದರೂ ಹುಡುಕಿ ಕೊಡುತ್ತಾರೆ.

ಹೆಂಡತಿ ಮಕ್ಕಳನ್ನು ಕರೆದೊಯ್ಯುವುದಾದರೆ

ಎಮಿರೇಟ್ಸಿನಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಮ್ ಸಂಬಳ, ಇಲ್ಲವೇ 3,000 ದಿರ್ಹಮ್ ಮತ್ತು ವಸತಿ ಇರಬೇಕು. ಜೊತೆಗೆ ದೃಢೀಕರಿಸಿದ ವಿವಾಹ ಪ್ರಮಾಣಪತ್ರ ಮತ್ತು ಮಕ್ಕಳ ಜನನ ಪ್ರಮಾಣಪತ್ರ ಬೇಕು. ಕೇರಳದಲ್ಲಿ 2008ರ ನಿಯಮಗಳಂತೆ ಎಲ್ಲ ಮತಧರ್ಮದವರ ವಿವಾಹ ನೋಂದಣಿ ಕಡ್ಡಾಯವಾಗಿದ್ದರೂ, ದೇವಸ್ಥಾನದಲ್ಲಿ ಮದುವೆಯಾಗಿ ರಶೀದಿಯನ್ನು ಮಾತ್ರ ಜೋಪಾನವಾಗಿಟ್ಟುಕೊಂಡವರು ಈಗಲೂ ಇದ್ದಾರೆ. ಪಂಚಾಯತಿನಲ್ಲಿ ತಡವಾಗಿ ನೋಂದಾಯಿಸುವುದಕ್ಕೂ ಅವಕಾಶವಿದೆ. ನೋಂದಾಯಿಸುವ ದಿನ ಪಾಸ್‌ಪೋರ್ಟನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಗುಮಾಸ್ತರು ಅದರಲ್ಲಿರುವ ಅಕ್ಷರಗಳನ್ನೇ ಬರೆಯುವಂತೆ ನೋಡಿಕೊಳ್ಳಿರಿ.

ಮಕ್ಕಳ ಟಿ.ಸಿ.ಯನ್ನು ಹೊರಡುವ ಮುನ್ನಾದಿನ ಕೇಳಬಾರದು. ಅಲ್ಲಿನ ಶಾಲೆಗಳು ದೃಢೀಕರಿಸಿದ ಟಿ.ಸಿ. ಕೇಳುವುದರಿಂದ ಒಂದೆರಡು ತಿಂಗಳು ಮೊದಲೇ ಮುಖ್ಯೋಪಾಧ್ಯಾಯರಿಗೆ ತಿಳಿಸಿ, ಇಂಗ್ಲಿಷಿನಲ್ಲಿ ಬರೆಸಿ, ಶಿಕ್ಷಣಾಧಿಕಾರಿಗಳ ಮೇಲುಸಹಿ ಹಾಕಿಸಿಕೊಳ್ಳಬೇಕು. ಕನ್ನಡ ಮಾಧ್ಯಮದ ಮಗು ನೇರವಾಗಿ ಅಲ್ಲಿನ ಸಿಬಿಎಸ್‌ಇ ಶಾಲೆಗೆ ಸೇರಿದಾಗ ಮೊದಲ ವರ್ಷ ಕಷ್ಟಪಡುತ್ತದೆ. ಎರಡನೆಯ ವರ್ಷಕ್ಕೆ ಗಣಿತದಲ್ಲಿ ಮುಂದೆ ಇರುತ್ತದೆ. ಹೋದ ಮಕ್ಕಳು ರಜೆಯಲ್ಲಿ ಶಾಲೆಗೆ ಬಂದಾಗ ನಾವು ಕಂಡುಕೊಂಡ ಮಾತಿದು. ದುಬಾಯಿಯಲ್ಲಿ ಅಲ್ಲಿನ ಕನ್ನಡಿಗರೇ ಸೇರಿ ವಾರದ ರಜೆಯಲ್ಲಿ ಕನ್ನಡ ಪಾಠಶಾಲೆ ನಡೆಸುತ್ತಿದ್ದಾರೆ. ಇಲ್ಲಿಂದ ಹೋಗುವ ಮಕ್ಕಳ ಚೀಲದಲ್ಲಿ ಆಯಾ ತರಗತಿಯ ಕನ್ನಡ ಪಠ್ಯಪುಸ್ತಕವೊಂದನ್ನು ಇಟ್ಟು ಕಳುಹಿಸುವುದು ನಮ್ಮ ಶಾಲೆಯ ರೂಢಿ. ಟಿ.ಸಿ. ಕೊಡುವ ದಿನ ಅದನ್ನು ಕೇಳಿ ಪಡೆಯಿರಿ.